ಹತ್ತೊಂಬತ್ತು ಹನಿ

ವಜ್ರಳ್ಳಿಯ ಕೆರೆಯಲ್ಲಿ ಫಾರೆಸ್ಟ್ ಗಾರ್ಡ್ ಗೋವಿಂದನ ಹೆಣ ಸಿಕ್ಕಿದ್ದು ಮಂಗಳವಾರ ಬೆಳಿಗ್ಗೆ. ೧೯೬೧ರ ಫೆಬ್ರವರಿ ತಿಂಗಳು.

ಯಲ್ಲಾಪುರದಿಂದ ಪೊಲೀಸ್ ಫೌಜದಾರ ಮಡಿವಾಳಪ್ಪ ಬರುವಷ್ಟರಲ್ಲಿ ದಡದ ತುಂಬ ಜನ. ಹೆಣ ಮೊಣಕಾಲುದ್ದದ ನೀರಿನಲ್ಲಿ ಮಗುಚಿ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಹೆಗಲಲ್ಲಿ ಮಿಲಿಟರಿ ನಮೂನೆಯ ನೀರಿನ ಬಾಟ್ಲಿ ಹಾಗೇ ಸಿಕ್ಕಿಕೊಂಡಿತ್ತು.

"ತಿಮ್ಮಂದೇ ಕೆಲ್ಸ," ಎಂದರು ಜನ.

ತಿಮ್ಮ ಆ ಕೆರೆಯಲ್ಲಿ ಮೀನು ಹಿಡಿಯುವವನು. ಕಾಡಿನ ಬಿದಿರು ಕಡಿದನೆಂದು ಗಾರ್ಡು ಸೋಮವಾರ ಬೆಳಿಗ್ಗೆ ಅವನನ್ನು ಇದೇ ದಡದಲ್ಲಿ ತರಾಟೆಗೆ ತೆಗೆದುಕೊಂಡಿದ್ದ. ಇಬ್ಬರೂ ಕೂಗಾಡಿದ್ದನ್ನು ಊರೇ ಕೇಳಿತ್ತು.

"ಬೈದದ್ದು ಹೌದು ಒಡೆಯಾ. ಕೈ ಹಚ್ಚಲಿಲ್ಲ. ಅವ್ರು ಕಾಡಿನ ಬದಿಗೆ ಹೋದ್ರು."

"ಹೋದದ್ದನ್ನ ಮತ್ಯಾರು ನೋಡ್ಯಾರ?"

ಯಾರೂ ನೋಡಿರಲಿಲ್ಲ. ತಿಮ್ಮನ ಕೈಗೆ ಬೇಡಿ ಬಿತ್ತು.

ಮಡಿವಾಳಪ್ಪ ಬಾಟ್ಲಿ ಕೈಗೆತ್ತಿಕೊಂಡ. ಮುಚ್ಚಳ ಎಷ್ಟು ಬಿಗಿಯಾಗಿತ್ತೆಂದರೆ ಕರವಸ್ತ್ರ ಸುತ್ತಿ ತಿರುಗಿಸಬೇಕಾಯಿತು. ಕೆರೆಯ ನೀರು ಕೆಂಪು ರಾಡಿ. ಬಾಟ್ಲಿಯೊಳಗಿನದು ಕನ್ನಡಿಯಂಥ ತಿಳಿನೀರು.

ಬಾಟ್ಲಿಗೆ ನೀರು ತುಂಬಿ ಕೊಟ್ಟವರು ಯಾರೆಂದು ಗೋವಿಂದನ ಹೆಂಡತಿ ಹೊನ್ನಿಯನ್ನು ಕೇಳಿದ.

"ನೀರಾ? ಎಂತಕ್ಕೆ? ಸೋಮವಾರ ಬೆಳಿಗ್ಗೆ ಬಾಟ್ಲಿ ತೊಳ್ದು ಚಾ ಹಾಕಿ ಕೊಟ್ಟವ್ಳು ನಾನೇ," ಎಂದು ಅವಳು ಬಿಕ್ಕಿದಳು.

ಅಂದರೆ ಚಾ ಕುಡಿದು ಮುಗಿಸಿ, ದಾರಿಯಲ್ಲಿ ಎಲ್ಲೋ ನೀರು ತುಂಬಿಸಿಕೊಂಡಿದ್ದಾನೆ. ಎಲ್ಲಿ?

* * *

ಗಾರ್ಡಿನ ಗಸ್ತಿನ ದಾರಿಯುದ್ದಕ್ಕೂ ಮಡಿವಾಳಪ್ಪ ನಡೆದ. ಎರಡು ಬಾವಿ, ಒಂದು ಹಳ್ಳ, ಕೆರೆ. ಎಲ್ಲದರ ನೀರನ್ನೂ ಶೀಶೆಗಳಲ್ಲಿ ತುಂಬಿಸಿ ಚೀಟಿ ಹಚ್ಚಿದ. ನಾಲ್ಕು ಮೈಲಿ ಆಚೆ, ಗುಡ್ಡದ ಬುಡದಲ್ಲಿ ಶಂಕ್ರಪ್ಪನ ಸುಣ್ಣದ ಭಟ್ಟಿ. ಅದರ ಹಿಂದೆ ಬಂಡೆಯಿಂದ ಜಿನುಗುವ ಒರತೆ. ಅಲ್ಲಿಂದಲೂ ಒಂದು ಶೀಶೆ ನೀರು ಹಿಡಿದ.

"ಗೋವಿಂದ ಈ ಕಡೆ ಬಂದಿದ್ನೇನ್ರಿ?"

"ಇಲ್ರಿ ಸಾಹೇಬ್ರ. ಹದಿನೈದು ದಿನಾ ಆತು, ಅವ್ರ ಮಾರಿನೇ ಕಂಡಿಲ್ಲ," ಎಂದ ಶಂಕ್ರಪ್ಪ. ತಣ್ಣಗಿನ ಮಜ್ಜಿಗೆಯನ್ನೂ ಕೊಟ್ಟ.

* * *

ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗಂಗಾ ಅಕ್ಕೋರು ಆರು ಗ್ಲಾಸುಗಳನ್ನು ಸಾಲಾಗಿ ಇಟ್ಟರು. ಐದರಲ್ಲಿ ಐದು ಕಡೆಯ ನೀರು, ಆರನೆಯದರಲ್ಲಿ ಸತ್ತವನ ಬಾಟ್ಲಿಯ ನೀರು. ನೋಡಲು ಕೆರೆಯದೊಂದನ್ನು ಬಿಟ್ಟು ಉಳಿದವೆಲ್ಲ ಒಂದೇ. ಎಲ್ಲಕ್ಕೂ ದಾಸವಾಳದ ಹೂ ಕುದಿಸಿದ ರಸ ಬೆರೆಸಿದರು.

"ಆಮ್ಲ ಬಿದ್ರೆ ಇದು ಕೆಂಪಾಗ್ತದೆ. ನೋಡಿ."

ಮೊದಲ ಬಾವಿ: ಆಮ್ಲದ ಒಂದು ಹನಿ, ಕೆಂಪು. ಎರಡನೆಯದು: ಎರಡು ಹನಿ. ಹಳ್ಳ: ಒಂದು. ಕೆರೆ: ಎರಡು.

ಐದನೆಯ ಗ್ಲಾಸು ಭಟ್ಟಿಯ ಒರತೆಯದು. ಒಂದು ಹನಿ ಬಿತ್ತು. ಬಿದ್ದಲ್ಲಿ ಕೆಂಪು ಮಿಂಚಿ ಮಾಯವಾಯಿತು. ಮೂರು. ಏಳು. ಹನ್ನೆರಡು. ನೀರಿನ ಬಣ್ಣ ಬದಲಾಗಲಿಲ್ಲ.

ಮಡಿವಾಳಪ್ಪ ಕುರ್ಚಿಯಿಂದ ಎದ್ದ. "ಏನ್ರೀ ಅಕ್ಕೋರ, ಆ್ಯಸಿಡ್ ನುಂಗಾಕತ್ತೈತಲ್ರಿ ಇದು!"

ಹತ್ತೊಂಬತ್ತನೆಯ ಹನಿಗೆ ಗ್ಲಾಸು ಒಮ್ಮೆಲೇ ಕೆಂಪಾಯಿತು.

ಉಳಿದದ್ದು ಬಾಟ್ಲಿಯ ನೀರು. ಇಬ್ಬರೂ ಬಾಯಿಬಿಟ್ಟು ಎಣಿಸತೊಡಗಿದರು. ಹದಿನಾರು, ಹದಿನೇಳು, ಹದಿನೆಂಟು. ಫೌಜದಾರ ಗ್ಲಾಸಿನ ಮೇಲೆ ಬಗ್ಗಿದ.

ಹತ್ತೊಂಬತ್ತು. ಕೆಂಪು.

* * *

ಮರುದಿನ ಭಟ್ಟಿಯ ಅಂಗಳದಲ್ಲಿ, ಶಂಕ್ರಪ್ಪನ ಕಣ್ಣೆದುರೇ ಅಕ್ಕೋರು ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದರು.

"ಈ ದಾರಿಯೊಳಗ ಇಂಥಾ ನೀರು ಇನ್ನೆಲ್ಲೂ ಇಲ್ಲ," ಎಂದ ಮಡಿವಾಳಪ್ಪ. "ಗೋವಿಂದ ಇಲ್ಲೇ ಬಾಟ್ಲಿ ತುಂಬ್ಯಾನ."

"ಹಿಂದ ಯಾವಾಗರೆ ತುಂಬಿರಬೇಕ್ರಿ."

"ಸೋಮವಾರ ಬೆಳಿಗ್ಗೆ ಅದರಾಗ ಚಾ ಇತ್ತು. ಅಂದಮ್ಯಾಲೆ ಬಂದದ್ದು ಸೋಮವಾರನ. ನೀವು ಯಾಕ ಮುಚ್ಚಿಟ್ರಿ?"

ಶಂಕ್ರಪ್ಪ ಭಟ್ಟಿಯ ಹಿಂಬದಿಗೆ ಕಣ್ಣು ಹಾಯಿಸಿದ. ಅಷ್ಟರಲ್ಲಿ ಪೊಲೀಸರು ಹಿಂದಿನ ಸುಣ್ಣದ ರಾಶಿಯನ್ನು ಕೆದಕಿದರು. ಅಡಿಯಲ್ಲಿ ಸರಕಾರಿ ಗುರುತು ಹೊಡೆದ ಸಾಗವಾನಿ ದಿಮ್ಮಿಗಳಿದ್ದವು.

ಶಂಕ್ರಪ್ಪ ಎಲ್ಲವನ್ನೂ ಒಪ್ಪಿಕೊಂಡ. ನೀರು ತುಂಬಿಸಿಕೊಂಡು ಹೊರಟ ಗಾರ್ಡಿಗೆ ಈ ದಿಮ್ಮಿಗಳು ಕಂಡವು. ರಿಪೋರ್ಟು ಬರೆಯುತ್ತೇನೆ ಎಂದ. ಶಂಕ್ರಪ್ಪ ಹಿಂದಿನಿಂದ ಹಾರೆ ಬೀಸಿದ. ಕೆರೆಯಲ್ಲಿ ತಿಮ್ಮನೊಡನೆ ಜಗಳವಾದ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಕತ್ತಲಾದ ಮೇಲೆ ಹೆಣವನ್ನು ಗಾಡಿಯಲ್ಲಿ ಒಯ್ದು ಅಲ್ಲೇ ಎಸೆದ.

ತಿಮ್ಮ ಅಂದೇ ಬಿಡುಗಡೆಯಾದ. ಠಾಣೆಯ ಬಾಗಿಲಲ್ಲಿ ಹೊನ್ನಿ ನಿಂತಿದ್ದಳು.

"ನಿಂಗೆ ಶಾಪ ಹಾಕಿದ್ದೆ ತಿಮ್ಮಣ್ಣ," ಎಂದಳು.

ತಿಮ್ಮ ಅವಳನ್ನು ಊರಿನ ತನಕ ನಡೆಸಿಕೊಂಡು ಹೋದ.

* * *

ಮಡಿವಾಳಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಸಂಜೆ ಮತ್ತೆ ಶಾಲೆಗೆ ಬಂದ.

"ಆ ನೀರಿನೊಳಗ ಏನೈತ್ರಿ?"

"ಗುಡ್ಡ," ಎಂದರು ಅಕ್ಕೋರು. "ಮಳೆನೀರು ಸುಣ್ಣದ ಕಲ್ಲನ್ನ ಚೂರುಚೂರೇ ಕರಗಿಸಿಕೊಂಡು ಬರ್ತದೆ. ಕರಗಿದ್ದು ಬಿದ್ದ ಆಮ್ಲವನ್ನೆಲ್ಲ ತಟಸ್ಥ ಮಾಡ್ತದೆ. ಅದು ತೀರುವ ತನಕ ನೀರು ತನ್ನ ಗುಣ ಬಿಡೂದಿಲ್ಲ. ಇದಕ್ಕೆ ಬಫರ್ ಅಂತಾರೆ. ನಮ್ಮ ರಕ್ತದಲ್ಲೂ ಇಂಥದೇ ಏರ್ಪಾಡಿದೆ. ಇಲ್ಲದಿದ್ರೆ ಒಂದು ಗುಡ್ಡ ಓಡಿ ಹತ್ತಿದ್ರೆ ಸಾಕು, ಮೈಯಲ್ಲಿ ಹುಟ್ಟುವ ಆಮ್ಲಕ್ಕೇ ಜೀವ ಹೋಗ್ತಿತ್ತು."

"ನನ್ನ ರಕ್ತದಾಗೂ?"

"ಎಲ್ಲರದ್ರಲ್ಲೂ."

ಫೌಜದಾರ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಎಡಗೈಯ ನಾಡಿಯ ಮೇಲೆ ಎರಡು ಬೆರಳಿಟ್ಟುಕೊಂಡು, ಹನಿಗಳನ್ನು ಎಣಿಸಿದ ಹಾಗೆ ಬಡಿತ ಎಣಿಸತೊಡಗಿದ.