ಪದಕದ ಜಾಗದಲ್ಲಿ ಚಾಕಲೇಟು

ತಾರೀಖು ಹದಿನಾಲ್ಕು, ಮಂಗಳವಾರ, ಬೆಳಗ್ಗೆ 9.20. ಠಾಣೆಯ ಮೆಟ್ಟಿಲು ಹತ್ತಿ ಬಂದ ವಾಚ್ ರಿಪೇರಿಯ ಯಜಮಾನರು ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರುಮಾಡಿದರು.

"ಮೇಡಂ, ಸರ್ವಾಧಿಕಾರಿಗೆ ಇರುವೆ ಮುತ್ತಿದೆ!"

ಇನ್ಸ್‌ಪೆಕ್ಟರ್ ಮೇಡಂ ಆಗಷ್ಟೇ ಟೀ ಲೋಟ ಬಾಯಿಗಿಟ್ಟಿದ್ದರು. ಟೀ ನೆತ್ತಿಗೆ ಹತ್ತಿತು. ಹದಿನಾರು ವರ್ಷದ ನೌಕರಿಯಲ್ಲಿ ಕೊಲೆ, ಸುಲಿಗೆ, ಕೋಳಿ ಕಳ್ಳತನ ಎಲ್ಲ ಕಂಡವರು, ಇಂಥದ್ದನ್ನು ಮಾತ್ರ ಕೇಳಿರಲಿಲ್ಲ.

"ಸಾವಕಾಶ ಹೇಳಿ. ಯಾವ ಸರ್ವಾಧಿಕಾರಿ?"

"ಇನ್ಯಾರು, ನಮ್ಮ ಹಳೇ ಮಹಾನಾಯಕ. ಅವನ ಮುಖ ಇರೋ ಹಿತ್ತಾಳೆ ಪದಕ. ಗ್ರಂಥಾಲಯದ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದೆ. ಇವತ್ತು ಹೋಗಿ ನೋಡಿದ್ರೆ ಪದಕ ಇಲ್ಲ. ಅದರ ಜಾಗದಲ್ಲಿ ಚಿನ್ನದ ಬಣ್ಣದ ಕಾಗದ ಸುತ್ತಿದ ಚಾಕಲೇಟು ನಾಣ್ಯ. ಅದಕ್ಕೆ ಇರುವೆ!"

ಯಜಮಾನರು ಊರಿನ ನಾಣ್ಯ ಸಂಗ್ರಹಕಾರರ ಸಂಘದ ಅಧ್ಯಕ್ಷರು. ಗುರುವಾರ ಹನ್ನೊಂದಕ್ಕೆ ಸಂಘದ ಪ್ರದರ್ಶನ, ಇನ್ನೂರು ಶಾಲಾ ಮಕ್ಕಳು ಬರುವವರಿದ್ದರು.

"ಯಾರ ಮೇಲಾದ್ರೂ ಅನುಮಾನ?"

"ಸಂಘದವರದ್ದೇ ಕೆಲಸ. ಬೇರೆಯವರಿಗೆ ಅದರ ಯೋಗ್ಯತೆ ಏನು ಗೊತ್ತು? ಯಾರೇ ಆಗಿರಲಿ ಒಳಗೆ ಹಾಕಿ ಮೇಡಂ. ನನ್ನ ಒಡಹುಟ್ಟಿದವರಾದ್ರೂ ಬಿಡಬೇಡಿ."

ಎಫ್‌ಐಆರ್ ಬರೆಯುತ್ತಿದ್ದ ಮೀಸೆ ದಫೇದಾರರಿಗೆ ಬಾಯಿ ಸುಮ್ಮನಿರಲಿಲ್ಲ. "ಅಲ್ಲ ಯಜಮಾನರೇ, ಜನರನ್ನ ಅಷ್ಟು ಗೋಳು ಹೊಯ್ಕೊಂಡವನ ಮುಖ ಯಾಕೆ ಕೂಡಿಡ್ತೀರಿ?"

"ನಾನು ಕೂಡಿಡೋದು ಲೋಹ ಕಣಪ್ಪ, ಮನುಷ್ಯನನ್ನಲ್ಲ. ಎಲ್ಲ ಬಚ್ಚಿಟ್ರೆ, ಅಂಥವನೊಬ್ಬ ಇದ್ದ ಅನ್ನೋದು ಮುಂದಿನವರಿಗೆ ಹೇಗೆ ಗೊತ್ತಾಗುತ್ತೆ?"

ಮೇಡಂಗೆ ಆ ಮಾತು ತಳ್ಳಿಹಾಕುವಂಥದ್ದು ಅನ್ನಿಸಲಿಲ್ಲ. ದಫೇದಾರರ ಪ್ರಶ್ನೆಯೂ ಹಾಗೆ ಅನ್ನಿಸಲಿಲ್ಲ. ಟೋಪಿ ಹಾಕಿಕೊಂಡು ಎದ್ದರು.

10.45ಕ್ಕೆ ಹಾಲ್‌ನಲ್ಲಿ ಪಂಚನಾಮೆ ಶುರುವಾಯಿತು. ಪಕ್ಕದಲ್ಲೇ ಇದ್ದ ಬೆಳ್ಳಿ ನಾಣ್ಯಗಳನ್ನು ಕಳ್ಳ ಕಣ್ಣೆತ್ತಿಯೂ ನೋಡಿರಲಿಲ್ಲ. ಗಾಜಿನ ಮುಚ್ಚಳಕ್ಕೆ ಬೀಗವಿಲ್ಲ, ಎಂಟು ಸ್ಕ್ರೂ ಮಾತ್ರ. ಮೇಡಂ ಬಗ್ಗಿ ನೋಡಿದರು. ಎಂಟೂ ಸ್ಕ್ರೂಗಳ ತಲೆಯ ಗೀರು ಒಂದೇ ದಿಕ್ಕಿಗೆ, ಮೇಲಿಂದ ಕೆಳಕ್ಕೆ ನೇರವಾಗಿ ನಿಂತಿತ್ತು. ಉಳಿದ ಪೆಟ್ಟಿಗೆಗಳ ಸ್ಕ್ರೂಗಳು ಒಂದೊಂದು ಒಂದೊಂದು ಕಡೆ ಮುಖ ಮಾಡಿದ್ದವು.

"ಸ್ಕ್ರೂ ಹಾಕಿದ್ದು ಯಾರು?"

"ನಾನೇ ಮೇಡಂ," ಎಂದ ಹಾಲ್‌ನ ಕಾವಲುಗಾರ. "ತಿರುಗೋವರೆಗೂ ತಿರುಗಿಸೋದು, ಬಿಡೋದು. ಅದಕ್ಕೇನು ಶಾಸ್ತ್ರ?"

ಮೇಡಂ ಯಜಮಾನರ ಕಡೆ ತಿರುಗಿದರು. "ನಿಮ್ಮದೂ ಸ್ಕ್ರೂ ಕಸುಬೇ ಅಲ್ವಾ? ಹೀಗೆ ನೇರ ನಿಲ್ಲಿಸ್ತೀರಾ?"

"ಗಡಿಯಾರದ ಹೊಟ್ಟೆಯೊಳಗೆ ಯಾರು ಇಣುಕಿ ನೋಡ್ತಾರೆ ಮೇಡಂ?"

"ಬರ್ಕೊಳ್ಳಿ ದಫೇದಾರರೇ."

"ಸ್ಕ್ರೂ ಯಾವ ಕಡೆ ನೋಡ್ತಿದೆ ಅಂತಾನೂ ಬರೀಬೇಕಾ?"

"ಅದನ್ನೇ ಮೊದಲು ಬರೀರಿ."

ಯಜಮಾನರನ್ನು ಬಿಟ್ಟರೆ ಸಂಘದಲ್ಲಿ ಆರು ಜನ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಐದು ಮನೆ ಮುಗಿದಿತ್ತು. ಬೇಕರಿಯವರು ಚಾಕಲೇಟಿನ ಹೆಸರು ಕೇಳಿದ್ದೇ ತಡ, ಬೆವತು ನೀರಾದರು. ಅವರ ಒಲೆಯ ಬಾಗಿಲಿನ ಸ್ಕ್ರೂಗಳು ಅರ್ಧಕ್ಕರ್ಧ ಕಳಚಿಬಿದ್ದಿದ್ದರಿಂದ ಬಚಾವಾದರು. ದಫೇದಾರರು ತನಿಖೆಯ ಭಾಗವೆಂದು ಮೂರು ಬಿಸ್ಕತ್ತು ತಿಂದರು.

ಆರನೆಯದು ಕನ್ನಡಕದ ಅಂಗಡಿ. ಹೊತ್ತು 3.10. ಅಂಗಡಿಯ ಒಡತಿಗೆ ಅರವತ್ತಾರು ವರ್ಷ, ಊರಿಗೆಲ್ಲ ಕನ್ನಡಕದಕ್ಕ. ಯಜಮಾನರ ಮಗಳು ಇವರ ಸೊಸೆ. ಅಂದರೆ ಯಜಮಾನರಿಗೆ ಖಾಸಾ ಬೀಗಿತ್ತಿ. ಒಳಗೆ ಕಾಲಿಟ್ಟ ಮೇಡಂ ಗೋಡೆ ನೋಡಿ ನಿಂತುಬಿಟ್ಟರು. ಕನ್ನಡಿಯ ಚೌಕಟ್ಟು, ಕಪಾಟಿನ ಹಿಡಿ, ಸ್ವಿಚ್ ಬೋರ್ಡು, ಎಲ್ಲದರ ಸ್ಕ್ರೂಗಳೂ ಶಾಲೆಯ ಮಕ್ಕಳು ಡ್ರಿಲ್ಲಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು.

ಮೇಡಂ ತಮ್ಮ ಕನ್ನಡಕ ತೆಗೆದು ಕೊಟ್ಟರು. "ಇದರ ಕಡ್ಡಿ ಸಡಿಲ ಆಗಿದೆ ಅಕ್ಕಾ."

ಅಕ್ಕ ಅರೆ ನಿಮಿಷದಲ್ಲಿ ಬಿಗಿ ಮಾಡಿ, ಕೊನೆಗೊಂದು ಕೂದಲೆಳೆಯಷ್ಟು ತಿರುಗಿಸಿ ಗೀರನ್ನು ನೇರ ಮಾಡಿದರು.

"ಯಾವಾಗ್ಲೂ ಹೀಗೇ ಮಾಡ್ತೀರಾ?"

"ಅಡ್ಡಾದಿಡ್ಡಿ ಇದ್ರೆ ನನಗೆ ಊಟ ಸೇರಲ್ಲಮ್ಮ."

"ಗ್ರಂಥಾಲಯದ ಪೆಟ್ಟಿಗೆದೂ?"

ಅಕ್ಕನ ಕೈ ನಿಂತಿತು. ಆಮೇಲೆ ಹಣೆ ಚಚ್ಚಿಕೊಂಡು ಜೋರಾಗಿ ನಕ್ಕರು. "ಅಯ್ಯೋ ನನ್ನ ಕರ್ಮವೇ! ಕದಿಯೋವಾಗಲಾದ್ರೂ ಈ ಕೈ ಸುಮ್ಮನಿರಬಾರದಿತ್ತಾ?"

ಮೇಜಿನ ಖಾನೆಯಲ್ಲಿ, ಕನ್ನಡಕದ ಡಬ್ಬಿಯೊಳಗೆ, ಮಹಾನಾಯಕ ಮೆತ್ತಗೆ ಮಲಗಿದ್ದ. ಇಬ್ಬರು ಪಂಚರ ಎದುರು ಪದಕ ಜಪ್ತಿಯಾಯಿತು. 3.40ಕ್ಕೆ ದಸ್ತಗಿರಿ. ಅಕ್ಕ ನಗುತ್ತಲೇ ಜೀಪು ಹತ್ತಿದರು, ಮೇಡಂಗೆ ನಗು ಬರಲಿಲ್ಲ. ಒಳಗೆ ಹಾಕಿ ಎಂದವರ ಮಗಳೇ ಈ ಮನೆಯ ಸೊಸೆ. ಒಂದು ಹಿತ್ತಾಳೆ ಬಿಲ್ಲೆಗೆ ಎರಡು ಮನೆ ಮುರಿದರೆ ಯಾವ ಪಂಚನಾಮೆಯಿಂದ ಕೂಡಿಸುವುದು?

4.30ಕ್ಕೆ ಯಜಮಾನರು ಬಂದರು. "ಬೀಗಿತ್ತೀ... ನೀವಾ?"

"ನಾನೇ. ಒಳಗೆ ಹಾಕಿಸಿ ಬೀಗರೇ. ಒಡಹುಟ್ಟಿದವರನ್ನೂ ಬಿಡಬೇಡಿ ಅಂದ್ರಂತಲ್ಲ."

"ಯಾಕೆ ಹೀಗೆ ಮಾಡಿದ್ರಿ?" ಮೇಡಂ ಕೇಳಿದರು. ದಫೇದಾರರು ಹೇಳಿಕೆ ಬರೆಯತೊಡಗಿದರು.

"ನಮ್ಮಪ್ಪ ಟಂಕಸಾಲೆಯಲ್ಲಿ ಅಚ್ಚು ಕೆತ್ತೋರು. ಆ ಮಹಾನಾಯಕನ ಮೂಗು ಎಡಕ್ಕೆ ಸೊಟ್ಟಗಿತ್ತಂತೆ. ಅಪ್ಪ ಇದ್ದ ಹಾಗೇ ಕೆತ್ತಿದ್ರು. ಆ ಅಚ್ಚಲ್ಲಿ ತೆಗೆದ ಪದಕಗಳನ್ನ ಕರಗಿಸಿಬಿಟ್ರು, ಅಪ್ಪನಿಗೆ ಹನ್ನೊಂದು ತಿಂಗಳು ಜೈಲು. ಬೇರೊಬ್ಬರ ಕೈಲಿ ನೆಟ್ಟಗಿನ ಮೂಗು ಕೆತ್ತಿಸಿದ್ರು. ಬೀಗರು ನೀಲಿ ಮಖಮಲ್ಲಿನ ಮೇಲೆ ದೀಪ ಬಿಟ್ಟು ಇಟ್ಟಿದ್ದು ಅದನ್ನೇ." ಅಕ್ಕ ಯಜಮಾನರ ಕಡೆ ಬೆರಳು ತೋರಿಸಿದರು. "ಸೋಮವಾರ ನಾವು ಹಾಲ್‌ನಲ್ಲಿ ಪೆಟ್ಟಿಗೆ ಜೋಡಿಸ್ತಿದ್ದಾಗ ಒಂದು ಹುಡುಗಿ ನೋಡಿ, 'ರಾಜನಾ ತಾತಾ? ಎಷ್ಟು ಲಕ್ಷಣವಾಗಿದ್ದಾನೆ' ಅಂದ್ಳು. ಇವರು ಏನಂದ್ರು ಗೊತ್ತಾ? 'ತುಂಬಾ ಅಪರೂಪದ್ದು ಪುಟ್ಟಾ, ಮುಟ್ಟಬೇಡ.' ಅಷ್ಟೇ. ನನಗೆ ತಡೀಲಿಲ್ಲ. ಕಾವಲುಗಾರ ಊಟಕ್ಕೆ ಹೋದಾಗ ಬಿಚ್ಚಿ ತೆಗೆದೆ, ಮಕ್ಕಳಿಗೆ ಆ ಮುಖಕ್ಕಿಂತ ಚಾಕಲೇಟೇ ವಾಸಿ ಅಂತ ಅದನ್ನಿಟ್ಟೆ."

ಯಜಮಾನರ ಮುಖ ಸಣ್ಣದಾಯಿತು. "ಇಷ್ಟು ವರ್ಷ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ, ಸೊಟ್ಟ ಮೂಗಿಂದು ಒಂದಾದ್ರೂ ಉಳಿದಿದೆಯಾ ಅಂತ ಕೇಳ್ತಿದ್ರಿ. ಉಳಿದಿದೆ. ಅಪ್ಪ ಬೂಟಿನೊಳಗಿಟ್ಟು ತಂದಿದ್ರು. ಅದನ್ನ ಕೊಡಿ ಕೊಡಿ ಅಂತ ಪ್ರಾಣ ತಿಂತಿದ್ರಿ."

ಉಳಿದಿದೆ! ಯಜಮಾನರ ಕಣ್ಣು ಅರಳಿತು. ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಪದಕ, ಅದೂ ಸ್ವಂತ ಬೀಗರ ಮನೆಯಲ್ಲಿ. ಬಾಯಿ ತೆರೆಯಿತು. ಠಾಣೆಗೆ ಠಾಣೆಯೇ ಉಸಿರು ಬಿಗಿಹಿಡಿಯಿತು. ಬಾಯಿ ಮುಚ್ಚಿತು. ಉಗುಳು ನುಂಗಿಕೊಂಡು ಜೇಬಿನಿಂದ ಪೆನ್ನು ತೆಗೆದರು.

"ದಫೇದಾರರೇ, ಒಂದು ಹಾಳೆ ಕೊಡಿ. ಬೀಗಿತ್ತೀ, ಪದಕದ ಕೆಳಗೆ ಏನು ಬರೀಬೇಕು? ನೀವು ಹೇಳಿ, ನಾನು ಬರೀತೀನಿ."

ಮೇಡಂ ಎಲ್ಲರಿಗೂ ಟೀ ಹೇಳಿದರು.

ಅಂದೇ ಸಂಜೆ ಜಾಮೀನಾಯಿತು. ಜಾಮೀನು ನಿಂತವರು ಫಿರ್ಯಾದಿಯೇ. ಗುರುವಾರ ಬೆಳಗ್ಗೆ ನ್ಯಾಯಾಧೀಶರು ರಾಜಿ ಒಪ್ಪಿ, ಜಪ್ತಿಯಾದ ಪದಕವನ್ನು ಬಿಟ್ಟುಕೊಟ್ಟರು. ಕೇಸ್ ಡೈರಿಯಲ್ಲಿ ಮೇಡಂ ಬರೆದರು: "ಆರೋಪಿಗೆ ಲಾಭದ ಆಸೆ ಇರಲಿಲ್ಲ. ತಂದೆ ಜೈಲು ಸೇರಿದ ಸಂಗತಿ ಪದಕದ ಚೀಟಿಯಲ್ಲಿ ಇಲ್ಲದಿದ್ದುದೇ ಕಾರಣ."

ಹನ್ನೊಂದಕ್ಕೆ ಹಾಲ್ ತುಂಬಿತು. ನೆಟ್ಟಗಿನ ಮೂಗಿನ ಪಕ್ಕದಲ್ಲಿ ಅಕ್ಕ ತಾವಾಗಿಯೇ ತಂದಿಟ್ಟ ಸೊಟ್ಟ ಮೂಗು. ಕೆಳಗೆ ಯಜಮಾನರ ಅಕ್ಷರದಲ್ಲಿ: "ಎಡಗಡೆಯದು ಸುಳ್ಳು. ಬಲಗಡೆಯದು ನಿಜ. ನಿಜವನ್ನು ಕೆತ್ತಿದವರು ಹನ್ನೊಂದು ತಿಂಗಳು ಜೈಲಿನಲ್ಲಿದ್ದರು."

ಮಕ್ಕಳು ಓದಿದರು. ಆಮೇಲೆ ಯಾರೋ ಮಹಾನಾಯಕನ ಮೂಗು ನೋಡಿ ಕಿಸಕ್ಕೆಂದರು, ಇನ್ನೂರು ಮಕ್ಕಳೂ ಬಿದ್ದು ಬಿದ್ದು ನಕ್ಕರು. ಅವರ ನಡುವೆ ನಿಂತು ಕನ್ನಡಕದಕ್ಕ ಕಣ್ಣೀರು ಬರುವಷ್ಟು ನಕ್ಕರು. ಬಾಗಿಲಲ್ಲಿ ಪೊಲೀಸರು ನಿಂತಿದ್ದರು, ಅವರೂ ನಗುತ್ತಿದ್ದರು.