ಕರ್ಣಕುಂಡಲಕ್ಕೆ ಕಟ್ಟಿದ ಕರಿದಾರ

"ಕೈ ತಗೀರಿ! ಅದನ್ನ ಹರೀಬ್ಯಾಡ್ರಿ!"

ಹಿತ್ತಲ ಬಾಗಿಲಲ್ಲಿ ನಿಂತು ರಾಜಶ್ರೀ ಚೀರಿದಳು. ಹೆಣ್ಣು ನೋಡಲು ತಾಯಿಯೊಂದಿಗೆ ಇಂಡಿಯಿಂದ ಅವಳ ಊರು ಹೂವಿನ ಹಿಪ್ಪರಗಿಗೆ ಬಂದಿದ್ದ ಕಾಂತು, ಕೈ ತೊಳೆಯಲು ಹೋದವನು, ಕರ್ಣಕುಂಡಲದ ಗಿಡಕ್ಕೆ ಕೈ ಹಾಕಿದ್ದ. ನೀರು ತುಂಬಿದಂಥ ದಪ್ಪ ದಂಟು, ಹೂವಿನ ಬೆನ್ನಿಗೆ ಬಾಗಿದ ಸಣ್ಣ ಬಾಲ... ನಡುನಡುವೆ ಬಿಳಿ ಅರಿವೆಯ ಪುಟ್ಟ ಗಂಟುಗಳು. ಒಂದೊಂದಕ್ಕೂ ಕರಿದಾರ!

"ಮಾಟ ಐತೋ ಕಾಂತು... ಕಿತ್ತು ಒಗಿ!" ಅವನ ತಾಯಿ ಚಂದವ್ವ ಸೆರಗು ಬಾಯಿಗೊತ್ತಿಕೊಂಡಳು.

ಗೋಡೆಯಾಚೆ ಓಣಿಯ ಹೆಂಗಸರು ಇಣುಕುತ್ತಿದ್ದರು. ರಾಜಶ್ರೀ ಊರಿನ ಶಾಲೆಯಲ್ಲಿ ಕಲಿಸುವವಳು. ಮಾಟಗಾತಿ ಟೀಚರ್ ಹತ್ತಿರ ಯಾರು ಮಕ್ಕಳನ್ನು ಕಳಿಸುತ್ತಾರೆ?

"ಮಾಟ ಅಲ್ರಿ ಯವ್ವಾ, ಬೀಜ! ಬಲಿತ ಕಾಯಿ ಮುಟ್ಟಿದ್ರ ಸಾಕು, ಸಿಡದು ಬೀಜ ಹಾರ್ತಾವ. ಕೆಂಪು ಹೂವಿಂದು, ಬಿಳಿ ಹೂವಿಂದು ಕೂಡಬಾರದಂತ ಅರಿವಿ ಕಟ್ಟೇನಿ. ಸಾಲಿ ಹುಡುಗರಿಗೆ ಕೊಡಾಕ."

"ಕಾಯಿ ಸಿಡೀತೈತಂತ! ಯಾರ ಕಿವ್ಯಾಗ ಹೂ ಇಡ್ತಿ?"

"ಹಂಗಾರ ಮುಟ್ಟಿ ನೋಡ್ರಿ!"

ರಾಜಶ್ರೀ ಒಂದು ಗಂಟು ಬಿಚ್ಚಿದಳು. ಚಂದವ್ವ ಬಗ್ಗಿ ಬೆರಳು ತಾಗಿಸಿದಳು. ಟಪ್! ಸಿಪ್ಪೆ ಸುರುಳಿ ಸುತ್ತಿಕೊಂಡಿತು, ಬೀಜ ಮುಖಕ್ಕೇ ಸಿಡಿದವು.

"ಯಪ್ಪಾ!" ಚಂದವ್ವ ನೀರಿನ ತೊಟ್ಟಿಯ ಹಿಂದೆ ಅಡಗಿದಳು.

ಕಾಂತು ಗೊಳ್ಳೆಂದು ನಕ್ಕ.

ನನ್ನ ನೋಡಿ ನಗ್ತಾನಲ್ಲ... ಅಂದುಕೊಂಡಳು ರಾಜಶ್ರೀ.

"ನಗಬ್ಯಾಡ್ರಿ! ನಿಮ್ಮ ಮನಿ ನನಗ ಒಪ್ಪಿಗಿ ಇಲ್ಲ. ಹೊಂಡ್ರಿ!"

ಅವರು ಹೋದರು. ಮಾಟ ಎಂಬ ಮಾತು ಮಾತ್ರ ಓಣಿ ಬಿಟ್ಟು ಹೋಗಲಿಲ್ಲ. ಮಕ್ಕಳ ತಾಯಂದಿರು ಅವಳನ್ನು ಕಂಡು ದಾರಿ ಬದಲಿಸಿದರು. ಆದರೂ ರಾಜಶ್ರೀ ಗಿಡದ ಒಂದು ದಾರವನ್ನೂ ಬಿಚ್ಚಲಿಲ್ಲ.

ಮುಂದಿನ ಐತವಾರ ಬಾಗಿಲಲ್ಲಿ ಕಾಂತು!

"ಮತ್ತ್ಯಾಕ ಬಂದ್ರಿ? ನಗಾಕ?"

"ನಾ ನಕ್ಕಿದ್ದು ನಿಮಗಲ್ರಿ, ನಮ್ಮವ್ವಗ! ಹೋರಿಗೆ ಹೆದರದಾಕಿ ಕಾಯಿಗೆ ಹೆದರಿದ್ಲು..." ಅವನ ದನಿ ತಗ್ಗಿತು. "ಆದ್ರ ಅಕಿ ಮಾಟ ಅಂದಾಗ ನಾ ಸುಮ್ಮ ನಿಂತೆ. ಅದು ನನ್ನ ತಪ್ಪು. ನನಗ ನೀವ ಬೇಕ್ರಿ."

ರಾಜಶ್ರೀಯ ಎದೆ ಕರಗಿತು... ತಲೆ ಬಾಗಲಿಲ್ಲ.

"ಓಣಿ ಮುಂದ ಅಂದ ಮಾತು, ಓಣಿ ಮುಂದ ತಿರುಗಿ ತಗೋಬೇಕು."

"ಅವ್ವ ಟೆಂಪೋದಾಗ ಕುಂತಾಳ್ರಿ. ನೀವು ಬೈತೀರಂತ ಇಳ್ಯಾಕ ಒಲ್ಲೆ ಅಂತಾಳ!"

ಅವನು ಹೋಗಿ ಕೈಹಿಡಿದು ಕರೆತಂದ. ಚಂದವ್ವ ಗೊಣಗುತ್ತಲೇ ನಡು ಓಣಿಯಲ್ಲಿ ನಿಂತಳು.

"ಕೇಳ್ರೇ ಎಲ್ಲಾರೂ! ಮಾಟಲ್ಲ ಮಣ್ಣಲ್ಲ, ಬೀಜ ಅದು! ನನ್ನ ಮೂಗಿಗೇ ಬಡದಾವ. ಹುಡುಗಿದು ಏನೂ ತಪ್ಪಿಲ್ಲ!"

ಓಣಿ ನಕ್ಕಿತು. ರಾಜಶ್ರೀಯ ಕಣ್ಣು ತುಂಬಿತು.

"ಈಗರ ಒಪ್ಪಿಗಿ ಐತೇನ್ರಿ?" ಕಾಂತು ಮೆಲ್ಲಗೆ ಕೇಳಿದ.

"ನಾಳಿ ಲಗ್ನ ಆದಮ್ಯಾಲ ಯಾರರ ಏನರ ಅಂದ್ರ?"

"ಸುಮ್ಮ ನಿಲ್ಲೂದಿಲ್ರಿ."

"ಹಂಗಾರ... ಒಳಗ ಬರ್ರಿ."