ಉಗುರಗಲದ ಚಿತ್ರ

ಆರನೇ ಮಹಡಿಯಿಂದ ಲಿಫ್ಟ್ ನೇರ ನೆಲಕ್ಕೆ ಬಿದ್ದಿತ್ತು. ಒಳಗೆ ಅಂಚೆಯವನು. ಬಾಗಿಲು ಮೀಟಿ ನೋಡಿದೆ, ಉಸಿರು ನಿಂತಿತ್ತು. ಇಪ್ಪತ್ತು ವರ್ಷ ಪೇದೆ ಕೆಲಸ ಮಾಡಿದ್ದೇನೆ, ಇಂಥದ್ದು ಕಂಡಿರಲಿಲ್ಲ ಸ್ವಾಮಿ! ಲಿಫ್ಟಿನ ಹಗ್ಗ ಸವೆದು ಎಳೆ ಎಳೆಯಾಗಿತ್ತು. ಗೋಡೆಯ ಮೇಲೆ ಮಾತ್ರ ಹೊಚ್ಚಹೊಸ ಪ್ರಮಾಣಪತ್ರ. ಅದರಲ್ಲಿ ದಪ್ಪ ಕೆಂಪು ಮುದ್ರೆ: ಸುರಕ್ಷಿತ.

"ಯಾವ ಪುಣ್ಯಾತ್ಮ ಕೊಟ್ಟಿದ್ದು ಇದನ್ನ?" ಎಂದರು ನಮ್ಮ ಇನ್ಸ್‌ಪೆಕ್ಟರ್ ಮೇಡಂ.

*

ಪತ್ರ ಕೊಟ್ಟ ಕಚೇರಿಯಲ್ಲಿ ಮೂರೇ ಜನ. ಯಜಮಾನರು, ಇಂಜಿನಿಯರ್, ಟೈಪಿಸ್ಟ್.

"ಆ ಲಿಫ್ಟ್ ನಾನಿನ್ನೂ ನೋಡೇ ಇಲ್ಲ ಮೇಡಂ," ಎಂದ ಇಂಜಿನಿಯರ್. "ಇವಳೇ ನನ್ನ ಸಹಿ, ಮುದ್ರೆ ಅಂಟಿಸಿ ಕಳಿಸಿಬಿಟ್ಟಿದ್ದಾಳೆ."

ಟೈಪಿಸ್ಟ್ ಎದ್ದು ನಿಂತಳು. "ಅಯ್ಯಯ್ಯೋ! ಎರಡೂ ಕಂಪ್ಯೂಟರ್‌ನ ಟೆಂಪ್ಲೇಟ್‌ನಲ್ಲೇ, ಆ ಸಿದ್ಧ ನಮೂನೆಯಲ್ಲೇ ಇತ್ತು ಮೇಡಂ. ಸಾರ್ ಹೇಳಿದ ಕಟ್ಟಡದ ಹೆಸರು ಮಾತ್ರ ನಾನು ತುಂಬ್ತಿದ್ದೆ. ಅವರು ನೋಡಿ ಬಂದಿರ್ತಾರೆ ಅಂದ್ಕೊಂಡಿದ್ದೆ."

ಮೇಡಂ ಟೆಂಪ್ಲೇಟ್ ತೆರೆಸಿದರು. ಸಹಿಯೂ ಇಲ್ಲ, ಮುದ್ರೆಯೂ ಇಲ್ಲ! ಟೈಪಿಸ್ಟ್ ಕುಸಿದು ಕೂತಳು. "ಜೈಲಿಗೆ ಹಾಕ್ತೀರಾ?" ಎಂದು ನನ್ನನ್ನೇ ಕೇಳಿದಳು. ಸುಳ್ಳೇಕೆ ಹೇಳಲಿ, ನಾನೂ ಅವಳನ್ನು ಜೀಪು ಹತ್ತಿಸಲು ಎದ್ದಿದ್ದೆ.

"ತಡಿಯಪ್ಪ," ಎಂದರು ಮೇಡಂ. "ಈ ಪರದೆ ಮೇಲೆ ಚಿಕ್ಕ ಚಿಕ್ಕ ಹಾಳೆ ಥರ ಇದೆಯಲ್ಲ, ಏನಿದು?"

"ಐಕಾನ್‌ಗಳು," ಎಂದರು ಯಜಮಾನರು. "ಫೈಲ್ ಹೆಸರು ಹುಡುಕೋದು ನನಗೆ ತಲೆನೋವು. ಅದಕ್ಕೆ ಪ್ರತಿ ಟೆಂಪ್ಲೇಟ್‌ನ ಪುಟವನ್ನೇ ಐಕಾನ್ ಮಾಡಿಸಿಟ್ಟಿದ್ದೀನಿ, ಚಿತ್ರ ನೋಡಿ ಒತ್ತಿದರಾಯ್ತು. ಎರಡು ತಿಂಗಳ ಹಿಂದೆ ಇವಳೇ ಮಾಡಿಕೊಟ್ಟಳು."

ಉಗುರಗಲದ ಚಿತ್ರ. ಲಿಫ್ಟ್ ಪ್ರಮಾಣಪತ್ರದ ಐಕಾನಿನ ಮೂಲೆಯಲ್ಲೊಂದು ಕೆಂಪು ಚುಕ್ಕೆ.

"ಐಕಾನ್ ಫೈಲ್ ಒಳಗೆ ಒಂದೇ ಚಿತ್ರ ಹಲವು ಅಳತೆಯಲ್ಲಿರುತ್ತೆ," ಎಂದರು ಮೇಡಂ. "ಎಲ್ಲಕ್ಕಿಂತ ದೊಡ್ಡದು ತೋರಿಸಮ್ಮ."

ಅಂಗೈಯಗಲ ಚಿತ್ರ ಬಂತು. ಸಣ್ಣಕ್ಷರ ಎಲ್ಲ ಮಸುಕು. ಕಟ್ಟಡದ ಹೆಸರಿನ ಜಾಗ ಖಾಲಿ. ಕೆಳಗೆ ಇಂಜಿನಿಯರನ ವಕ್ರ ಸಹಿ, ಕೆಂಪು ಮುದ್ರೆ: ಸುರಕ್ಷಿತ.

"ಅದೂ ಇವಳದೇ ಕೈಚಳಕ!" ಇಂಜಿನಿಯರ್ ಕಿರುಚಿದ.

ಮೇಡಂ ಫೈಲಿನ ವಿವರ ತೆರೆದರು. "ಲಿಫ್ಟ್ ಬಿದ್ದದ್ದು ಇವತ್ತು ಬೆಳಗ್ಗೆ ಎಂಟಕ್ಕೆ, ಆಗಲೇ ನಿಮಗೂ ಸುದ್ದಿ ಮುಟ್ಟಿತ್ತು. ಟೆಂಪ್ಲೇಟ್ ತಿದ್ದಿದ್ದು ಒಂಬತ್ತಕ್ಕೆ, ನಿಮ್ಮ ಪಾಸ್‌ವರ್ಡ್‌ನಲ್ಲಿ. ಹಾಜರಿ ಪುಸ್ತಕದ ಪ್ರಕಾರ ಇವಳು ಬಂದಿದ್ದು ಹತ್ತಕ್ಕೆ. ತಪ್ಪು ಇವಳದಾಗಿದ್ರೆ ಮುದ್ರೆ ನೀವ್ಯಾಕ್ರೀ ಅಳಿಸಿದ್ರಿ? ಟೆಂಪ್ಲೇಟ್ ತಿದ್ದಿದ್ರೆ ಹಳೇ ಐಕಾನ್ ತಾನಾಗಿ ಬದಲಾಗಲ್ಲ. ಅದು ಹೊಳೀಲಿಲ್ಲ ನಿಮಗೆ."

ಇಂಜಿನಿಯರ್ ಗೊಣಗಿದ: "ಅಷ್ಟೊಂದು ಕಟ್ಟಡ ಹತ್ತಿ ಇಳಿಯೋದು ಯಾರು ಮೇಡಂ..."

"ನೋಡದೇ ಎಷ್ಟು ಕೊಟ್ಟಿದ್ದೀರಿ?"

"ನಲವತ್ಮೂರು."

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಮೇಡಂ ಎಲ್ಲ ಕಟ್ಟಡಗಳಿಗೂ ಈಗಲೇ ಫೋನ್ ಮಾಡಿ ಎಂದರು. ಟೈಪಿಸ್ಟ್ ಕಣ್ಣೊರೆಸಿಕೊಂಡು ಪಟ್ಟಿ ತೆಗೆದಳು.

ಆಗ ಇಂಜಿನಿಯರ್ ಬೆಚ್ಚಿಬಿದ್ದ. "ಅಮ್ಮ! ನಮ್ಮಮ್ಮ ಒಂಬತ್ತನೇ ಮಹಡಿ... ಆ ಕಟ್ಟಡಕ್ಕೂ ನಾನೇ..."

"ಬೆಳಗ್ಗೆ ಎಂಟರಿಂದ ಇಲ್ಲದ್ದು ಈಗ ನೆನಪಾಯ್ತಾ?" ಎಂದರು ಮೇಡಂ.

ಅವನು ತಡಕಾಡಿ ತೆಗೆದ ಫೋನ್ ಕೈಜಾರಿ ಕೆಳಗೆ ಬಿತ್ತು. ಟೈಪಿಸ್ಟ್ ಅವನ ಮುಖ ನೋಡದೆ, "ನಂಬರ್ ಹೇಳಿ ಸಾರ್," ಎಂದಳು. ನಲವತ್ಮೂರರಲ್ಲಿ ಅವಳು ಮೊದಲು ಹಚ್ಚಿದ್ದು ಆ ನಂಬರನ್ನೇ.

"ಅಮ್ಮಾ, ಮನೆಯಲ್ಲೇ ಇದ್ದೀರಾ? ಸದ್ಯ! ಲಿಫ್ಟ್ ಮಾತ್ರ ಹತ್ತಬೇಡಿ."